ಕ್ಯಾಪ್ಟನ್ ಇಲ್ಲದ ಬುಧವಾರಗಳು

ಶಾಂತಿಪಡೆಯ ಸೈನಿಕರು ಸೇತುವೆಯ ಠಾಣೆ ಮುಚ್ಚಿಕೊಂಡು ಹೋದ ವಾರವೇ, ಬುಧವಾರ ಬೆಳಿಗ್ಗೆ, ಬಿಸ್ಲಿಮ್ ಚಿಕ್ಕಪ್ಪ ಬಿಳಿ ಉಣ್ಣೆಯ ಟೋಪಿ ಹಾಕಿಕೊಂಡು ನಮ್ಮ ಮನೆಯ ಮುಂದೆ ಇಳಿದು ಹೋಗುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೊಳೆಯ ಆಚೆ ದಡದಿಂದ ರಾದೋಸಾವ್ ಮಾಮ ಕೈಗಳನ್ನು ಹಿಂದೆ ಕಟ್ಟಿಕೊಂಡು ಬರುತ್ತಿದ್ದರು. ಇಬ್ಬರೂ ಎಲ್ಲಿಗೆ ಹೊರಟಿದ್ದಾರೆಂದು ನನಗೆ ತಕ್ಷಣ ಹೊಳೆಯಲಿಲ್ಲ, ಯಾಕೆಂದರೆ ಸೇತುವೆಯ ಬಳಿ ಈಗ ಏನೂ ಉಳಿದಿರಲಿಲ್ಲ. ಕಬ್ಬಿಣದ ಕೋಣೆಯನ್ನು ಕ್ರೇನು ಎತ್ತಿ ಲಾರಿಗೆ ಹಾಕಿತ್ತು. ಮುಳ್ಳುತಂತಿ ಸುತ್ತಿಕೊಂಡು ಹೋಗಿದ್ದರು. ಒಂದು ಕಾಂಕ್ರೀಟ್ ಕಟ್ಟೆ, ಹರಿದ ಮರಳುಚೀಲಗಳು, ಯಾರಿಗೂ ಬೇಡವಾದ ನಾಲ್ಕು ಬಿಳಿ ಪ್ಲಾಸ್ಟಿಕ್ ಕುರ್ಚಿಗಳು, ಇಷ್ಟೇ.

ಅವರಿಬ್ಬರೂ ಆ ಕುರ್ಚಿಗಳನ್ನು ಎತ್ತಿ ಒರೆಸಿ, ಹಿಂದೆ ಕೋಣೆಯೊಳಗೆ ಹೇಗಿದ್ದವೋ ಹಾಗೆಯೇ ಜೋಡಿಸಿದರು. ನಡುವೆ ಕ್ಯಾಪ್ಟನ್ನರದು. ಅದರ ಬಲಕ್ಕೆ ಬಿಸ್ಲಿಮ್, ಎಡಕ್ಕೆ ರಾದೋಸಾವ್. ಕ್ಯಾಪ್ಟನ್ನರ ಪಕ್ಕದಲ್ಲಿ ತುಸು ಹಿಂದೆ ನನ್ನದು. ಆಮೇಲೆ ಇಬ್ಬರೂ ಕೂತು ನನ್ನ ಕಿಟಕಿಯ ಕಡೆ ತಿರುಗಿ ನೋಡಿದರು.

ನಾನು ಹೋದೆ. ಹೋಗಬಾರದಿತ್ತು. ಆದರೆ ಹದಿನೆಂಟು ವರ್ಷ ಪ್ರತಿ ಬುಧವಾರ ಹೋಗಿದ್ದೆ, ಕಾಲುಗಳೇ ಚಪ್ಪಲಿ ಹುಡುಕಿಕೊಂಡವು.

ನನ್ನ ಕೆಲಸ ಭಾಷಾಂತರ. ಪ್ರಿಷ್ಟಿನಾದಲ್ಲಿ ಕಾಲೇಜು ಓದಿದ್ದೆ, ಸೈನಿಕರ ಭಾಷೆ ಬರುತ್ತಿತ್ತು. ಈ ಕಡೆಯವರು ಅಲ್ಬೇನಿಯನ್ನರು, ಆ ಕಡೆಯವರು ಸರ್ಬಿಯನ್ನರು, ನಡುವೆ ಆರು ತಿಂಗಳಿಗೊಮ್ಮೆ ಬದಲಾಗುವ ಒಬ್ಬ ಪರದೇಶಿ ಕ್ಯಾಪ್ಟನ್. ಪ್ರತಿ ಹೊಸಬನಿಗೂ ಮೊದಲಿನಿಂದ ಹೇಳಬೇಕು: ಹೌದು, ಇವರ ಹಸುಗಳು ಅವರ ಸ್ಮಶಾನದಲ್ಲಿ ಮೇಯುತ್ತವೆ. ಹೌದು, ಅವರ ಚರಂಡಿ ನೀರು ಇವರ ಗದ್ದೆಗೆ ಬರುತ್ತದೆ. ಇಲ್ಲ, ಇವರಿಬ್ಬರೂ ಒಬ್ಬರೊಡನೊಬ್ಬರು ಮಾತಾಡುವುದಿಲ್ಲ, ನಿಮ್ಮೊಡನೆ ಮಾತಾಡುತ್ತಾರೆ.

ಭಾಷೆ ಬಾರದೆ ಅಲ್ಲ. ಯುದ್ಧಕ್ಕೆ ಮುಂಚೆ ಇಬ್ಬರೂ ಒಂದೇ ಇಟ್ಟಿಗೆ ಕಾರ್ಖಾನೆಯಲ್ಲಿದ್ದರು. ಬಿಸ್ಲಿಮ್ ಚಿಕ್ಕಪ್ಪ ಮಣ್ಣು ಹೊರುವ ಟ್ರ್ಯಾಕ್ಟರ್ ಓಡಿಸುತ್ತಿದ್ದರು, ರಾದೋಸಾವ್ ಮಾಮ ಅದನ್ನು ರಿಪೇರಿ ಮಾಡುತ್ತಿದ್ದರು. ಒಬ್ಬರು ಇನ್ನೊಬ್ಬರ ಭಾಷೆಯಲ್ಲಿ ಬೈದಾಡುವಷ್ಟು ಸಲಿಗೆ ಇತ್ತಂತೆ. ಆಮೇಲೆ ಯುದ್ಧದಲ್ಲಿ ಬಿಸ್ಲಿಮ್ ಚಿಕ್ಕಪ್ಪನ ತಮ್ಮ ಸತ್ತ. ಆಮೇಲೆ ಈ ದಡದಲ್ಲಿದ್ದ ರಾದೋಸಾವ್ ಮಾಮನ ಮನೆ ಸುಟ್ಟುಹೋಯಿತು. ಯಾರು ಮಾಡಿದರು ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತು ಎಂಬ ಹೆದರಿಕೆ ಇರಬೇಕು.

"ಲುಮ್ನಿಯೆ, ಕ್ಯಾಪ್ಟನ್‌ಗೆ ಹೇಳು," ಎಂದರು ರಾದೋಸಾವ್ ಮಾಮ, ಖಾಲಿ ಕುರ್ಚಿಯನ್ನು ನೋಡುತ್ತ. "ಬರೋ ವಾರ ಶನಿವಾರ ನಮ್ಮ ಸತ್ತವರ ದಿನ. ಸ್ತೋಯಾಂಕಜ್ಜಿ ಗಂಡನ ಗೋರಿಗೆ ಹೋಗ್ಬೇಕು. ವ್ಯವಸ್ಥೆ ಏನು ಅಂತ."

"ಯಾವ ಕ್ಯಾಪ್ಟನ್, ಮಾಮಾ?"

"ನೀನು ಹೇಳಮ್ಮ ಸುಮ್ನೆ."

ನಾನು ಬಿಸ್ಲಿಮ್ ಚಿಕ್ಕಪ್ಪನ ಮುಖ ನೋಡಿದೆ. ಅವರು ಮೀಸೆ ತೀಡುತ್ತಿದ್ದರು. "ಅವ್ರು ಹೇಳಿದ್ದು ನಂಗೆ ಕೇಳಿಸ್ತು," ಎಂದರು. "ಆದ್ರೂ ನೀನೊಂದ್ಸಲ ಹೇಳು. ಆಮೇಲೆ ನಾನು ಉತ್ತರ ಕೊಡ್ತೀನಿ. ಪದ್ಧತಿ ಅಂದ್ರೆ ಪದ್ಧತಿ."

ಖಾಲಿ ಕುರ್ಚಿಗೆ ನಾನು ಹೇಳಿದೆ. ನನ್ನ ಹಣೆಬರಹ.

ವಿಷಯ ಮಾತ್ರ ತಮಾಷೆಯದಾಗಿರಲಿಲ್ಲ. ಸರ್ಬಿಯನ್ನರ ಸ್ಮಶಾನ ಇರುವುದು ನಮ್ಮ ದಡದಲ್ಲಿ, ನಮ್ಮ ಮನೆಗಳನ್ನೆಲ್ಲ ದಾಟಿದ ಮೇಲೆ. ವರ್ಷಕ್ಕೆ ಕೆಲವು ಸಲ ಅಜ್ಜಿ ಅಲ್ಲಿಗೆ ಹೋಗುವಾಗ ಸೈನಿಕರ ಒಂದು ಗಾಡಿ ಮುಂದೆ, ಒಂದು ಗಾಡಿ ಹಿಂದೆ ಇರುತ್ತಿತ್ತು. ಬೇರೆಯವರೆಲ್ಲ ಎಂದೋ ಹೋಗುವುದು ಬಿಟ್ಟಿದ್ದರು, ಇಲ್ಲವೇ ತಮ್ಮವರ ಮೂಳೆಗಳನ್ನು ಅಗೆದು ಸರ್ಬಿಯಾಕ್ಕೆ ಒಯ್ದಿದ್ದರು. ಉಳಿದವಳು ಇವಳೊಬ್ಬಳೇ. ಈಗ ಗಾಡಿಗಳಿಲ್ಲ. ದಾರಿಯಲ್ಲಿ ಆಕೆಗೆ ಒಂದು ಕಲ್ಲು ಬಿದ್ದರೆ ಆಚೆ ದಡದವರು ರಸ್ತೆಗೆ ಮರ ಅಡ್ಡ ಹಾಕುತ್ತಾರೆ. ಮರ ಬಿದ್ದರೆ ಈಚೆ ದಡದವರು ಗುಂಪುಗೂಡುತ್ತಾರೆ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಒಂದು ಮಾರ್ಚ್ ತಿಂಗಳಲ್ಲಿ ಒಂದು ಗಾಳಿಸುದ್ದಿಯ ಬಾಲ ಹಿಡಿದು ಏನೇನು ಉರಿಯಿತೆಂದು ನೋಡಿದ್ದೇನೆ.

"ಕ್ಯಾಪ್ಟನ್‌ಗೆ ಹೇಳು, ಪೊಲೀಸರನ್ನ ಕರೀಲಿ," ಎಂದರು ಬಿಸ್ಲಿಮ್ ಚಿಕ್ಕಪ್ಪ.

"ಹೇಳು, ಆ ಪೊಲೀಸರು ನಮ್ಮ ಪೊಲೀಸರಲ್ಲ. ಕರೆದ್ರೆ ಅವರ ಸರ್ಕಾರಾನ ಒಪ್ಕೊಂಡ ಹಾಗಾಯ್ತು. ನನ್ನ ಕಡೆಯವ್ರು ನನ್ನನ್ನೇ ಹೊಳೆಗೆ ಎಸೀತಾರೆ," ಎಂದರು ರಾದೋಸಾವ್ ಮಾಮ.

"ಹಾಗಾದ್ರೆ ಅಜ್ಜಿ ಮನೇಲಿ ಕೂತು ದೀಪ ಹಚ್ಚಲಿ ಅನ್ನು."

"ಗಂಡನ್ನ ಹೂಳಿರೋದು ಮನೇಲಲ್ಲ ಅನ್ನು. ಯಾರೂ ಕೈ ಮಾಡಲ್ಲ ಅಂತ ಅವ್ರು ಬೆಸಾ ಕೊಡ್ಲಿ. ಅಷ್ಟು ಸಾಕು ನಮ್ಗೆ."

ಬೆಸಾ ಎಂದರೆ ನಮ್ಮಲ್ಲಿ ಕೊಟ್ಟ ಮಾತು. ಕೊಟ್ಟವನು ಅದಕ್ಕೆ ತಲೆ ಕೊಡಬೇಕು. ಬಿಸ್ಲಿಮ್ ಚಿಕ್ಕಪ್ಪನ ಕಿವಿ ಕೆಂಪಾಯಿತು.

"ಬೆಸಾ ಏನು ಸಂತೇಲಿ ಸಿಗೋ ಮೆಣಸಿನಕಾಯಿನಾ? ನನ್ನ ಮನೆ ಪರವಾಗಿ ಕೊಡ್ತೀನಿ, ನನ್ನ ಮಕ್ಕಳ ಪರವಾಗಿ ಕೊಡ್ತೀನಿ. ಆ ಕಾರು ತೊಳೆಯೋ ಅಂಗಡಿ ಮುಂದೆ ಹುಡುಗ್ರು ಕೂತಿರ್ತಾವಲ್ಲ, ಸ್ವಂತ ಅಪ್ಪನ ಮಾತು ಕೇಳದವು, ಅವುಗಳ ಪರವಾಗಿ ನಾನು ಹೇಗೆ ಕೊಡ್ಲಿ? ಹೇಳು ಕ್ಯಾಪ್ಟನ್‌ಗೆ."

ಹೇಳಿದೆ. ಕ್ಯಾಪ್ಟನ್ ಏನೂ ಅನ್ನಲಿಲ್ಲ. ಕುರ್ಚಿಯ ಮೇಲೆ ಒಂದು ಹಳದಿ ಎಲೆ ಬಿತ್ತು. ಇಬ್ಬರೂ ಎದ್ದು ಅವರವರ ದಾರಿ ಹಿಡಿದರು. ಯಾವತ್ತಿನ ಹಾಗೆ ಸಭೆ ಮುಗಿದಿತ್ತು, ಯಾವತ್ತಿನ ಹಾಗೆ ಏನೂ ಆಗಿರಲಿಲ್ಲ.

ಠಾಣೆ ಮುಚ್ಚುವ ದಿನ ದೊಡ್ಡ ಅಧಿಕಾರಿಯೊಬ್ಬ ಬಂದು ಭಾಷಣ ಮಾಡಿದ್ದ. "ಈ ಪ್ರದೇಶದಲ್ಲಿ ಸ್ಥಿರತೆ ನೆಲೆಸಿದೆ" ಎಂದು ನಾನು ಎರಡು ಭಾಷೆಗಳಲ್ಲಿ ಹೇಳಿದ್ದೆ. ಎರಡು ಕಡೆಯವರೂ ಚಪ್ಪಾಳೆ ತಟ್ಟಿದ್ದರು. ಆ ಮಾತಿನ ನೆನಪಾದಾಗಲೆಲ್ಲ ನನಗೆ ಹಲ್ಲು ಕಡಿಯುವಂತಾಗುತ್ತದೆ. ನನ್ನನ್ನು ಬಿಟ್ಟು ಯಾರೂ ಸೇತುವೆ ದಾಟದೆ ಇದ್ದದ್ದನ್ನು ಅವರು ಸ್ಥಿರತೆ ಎಂದು ಬರೆದುಕೊಂಡು ಹೋದರು. ದಾಟಲೇಬೇಕೆನ್ನುವ ಒಬ್ಬ ಮುದುಕಿ ಅವರ ಲೆಕ್ಕದಲ್ಲಿರಲಿಲ್ಲ.

ಆ ಬುಧವಾರದ ಮಾರನೆಯ ದಿನ ಆಕ್ರೋಟಿನ ಚೀಲ ಹಿಡಿದು, ಸೇತುವೆ ದಾಟಿ, ಸ್ತೋಯಾಂಕಜ್ಜಿಯ ಮನೆಗೆ ಹೋದೆ. ಯುದ್ಧಕ್ಕೆ ಮುಂಚೆ ಆಕೆ ನಮ್ಮ ಪಕ್ಕದ ಮನೆಯವಳು. ಆ ಮನೆಯ ಜಾಗದಲ್ಲಿ ಈಗ ಕಲ್ಲುಗುಪ್ಪೆ ಮತ್ತು ಒಂದು ಆಕ್ರೋಟಿನ ಮರ. ಪ್ರತಿ ಶರತ್ಕಾಲದಲ್ಲೂ ನಾನು ಕಾಯಿ ಆರಿಸಿ ತಂದುಕೊಡುತ್ತೇನೆ. ಸತ್ತವರ ದಿನಕ್ಕೆ ಬೇಯಿಸುವ ಗೋಧಿಗೆ ಆಕೆಗೆ ಆ ಮರದ್ದೇ ಆಗಬೇಕು.

ಅಜ್ಜಿ ಒಲೆಯ ಮುಂದೆ ಕೂತು ಗೋಧಿಯಲ್ಲಿ ಕಲ್ಲು ಹುಡುಕುತ್ತಿದ್ದಳು. "ಏನಂತೆ ಕುರ್ಚಿ?" ಎಂದಳು, ತಲೆ ಎತ್ತದೆ.

"ಅಜ್ಜಿ, ಇದೊಂದು ಸಲ ಬಿಟ್ಟುಬಿಡಿ. ಮುಂದೆ ನೋಡೋಣ."

"ಮುಂದೆ ಅಂದ್ರೆ? ಎಂಬತ್ತೆರಡಾಯ್ತು ನಂಗೆ. ಮುಂದೆ ನಾನೇ ಅಲ್ಲಿರ್ತೀನಿ, ಮಲಕ್ಕೊಂಡು."

"ನಾನು ಮೇಣದಬತ್ತಿ ಹಚ್ಚಿ ಬರ್ತೀನಿ. ಗೋಧೀನೂ ಇಟ್ಟು ಬರ್ತೀನಿ."

"ಮಿಲುತಿನ್ ನಿನ್ನ ಗಂಡನಾ?" ಎಂದಳು. ಆಮೇಲೆ ಸ್ವಲ್ಪ ಮೆತ್ತಗಾದಳು. "ನೋಡು ಮಗಳೇ, ಅವನು ಪುಣ್ಯವಂತ. ಯುದ್ಧಕ್ಕೆ ಮುಂಚೆ, ಯಾರ ಕಡೆಯವನೂ ಅನ್ನಿಸ್ಕೊಳ್ದೆ, ಹಾಸಿಗೇಲಿ ಸತ್ತ. ಅಂಥವನ ಹತ್ರ ಹೋಗೋಕೆ ನಾನು ಪ್ಲಾಸ್ಟಿಕ್ ಕುರ್ಚಿ ಅಪ್ಪಣೆ ಕೇಳ್ಬೇಕಾ? ಶನಿವಾರ ಹೋಗೋದೇ. ಒಬ್ಳೇ ಹೋಗ್ತೀನಿ. ಕೋಲಿದೆ."

"ಒಬ್ರೇ ಹೋಗ್ಬೇಡಿ."

"ಹಾಗಾದ್ರೆ ಆ ಇಬ್ಬರು ಗಂಡಸರಿಗೆ ಬುದ್ಧಿ ಹೇಳು. ಓದಿದೋಳು ನೀನು."

ಓದಿದವಳು. ಓದು ನನಗೆ ಕೊಟ್ಟದ್ದು ಒಂದೇ, ಆಗಬಹುದಾದದ್ದನ್ನೆಲ್ಲ ಮುಂಚೆಯೇ ಕಲ್ಪಿಸಿಕೊಳ್ಳುವ ಶಕ್ತಿ. ಅಂದಿನಿಂದ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಸ್ಮಶಾನದ ರಸ್ತೆ ನಮ್ಮ ಬೇಲಿಯ ಪಕ್ಕದಲ್ಲೇ ಹೋಗುತ್ತದೆ. ಎದುರಿಗೇ ಕಾರು ತೊಳೆಯುವ ಅಂಗಡಿ. ಅಲ್ಲಿ ಮೂವರು ಯುವಕರು ದಿನವಿಡೀ ಕೂತಿರುತ್ತಾರೆ. ಕಾರುಗಳು ಬರುವುದು ಅಪರೂಪ. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಕಲ್ಲು ಎಸೆಯುವವನಿಗೆ ಸಿಟ್ಟೇ ಇರಬೇಕೆಂದಿಲ್ಲ, ಬೇಸರ ಸಾಕು. ಅವರ ಅಂಗಳದಲ್ಲಿ ಕಲ್ಲುಗಳೆಷ್ಟಿವೆ, ಯಾವ ಗಾತ್ರದವು ಎಂದೆಲ್ಲ ನೋಡಿಟ್ಟುಕೊಂಡೆ. ನಾನೇ ಹೋಗಿ ಅವನ್ನೆಲ್ಲ ಆರಿಸಿ ತಂದುಬಿಡಲೇ ಎಂದೂ ಯೋಚಿಸಿದೆ.

ಮುಂದಿನ ಬುಧವಾರ ಮಳೆ ಬಂದು ನಿಂತಿತ್ತು. ನಾನು ಹೋಗುವ ಹೊತ್ತಿಗೆ ಬಿಸ್ಲಿಮ್ ಚಿಕ್ಕಪ್ಪ ಕ್ಯಾಪ್ಟನ್ನರ ಕುರ್ಚಿಯ ಮೇಲಿನ ನೀರನ್ನು ತಮ್ಮ ಕೋಟಿನ ತೋಳಿನಿಂದ ಒರೆಸುತ್ತಿದ್ದರು. ತಮ್ಮ ಕುರ್ಚಿ ಒದ್ದೆಯಾಗಿಯೇ ಇತ್ತು, ಅದರ ಮೇಲೇ ಕೂತರು.

"ಕ್ಯಾಪ್ಟನ್‌ಗೆ ಹೇಳು, ಅಜ್ಜಿ ಹೊರಟು ನಿಂತಿದಾಳೆ, ತಡೆಯೋಕಾಗಲ್ಲ ನಂಗೆ," ಎಂದರು ರಾದೋಸಾವ್ ಮಾಮ.

"ಹೇಳು, ಅದು ಅವರ ಕಡೆ ಸಮಸ್ಯೆ."

"ಸೇತುವೆ ದಾಟಿದ ಮೇಲೆ ಅವರ ಕಡೆ ಸಮಸ್ಯೆ ಅಂತ ಹೇಳು."

"ದಾಟಿಸ್ಬೇಡಿ ಅಂತ ಹೇಳು."

"ದಾಟಿದ್ರೆ ಹೊಡೀತೀರಾ ಅಂತ ಕೇಳು."

"ಯಾರು ಹೊಡೀತೀವಿ ಅಂದ್ರು ಅಂತ ಕೇಳು."

ನಾನು ಯಾರಿಗೂ ಏನನ್ನೂ ಹೇಳಲಿಲ್ಲ. ಎದ್ದೆ. ನಡುವಿನ ಕುರ್ಚಿಯಲ್ಲಿ, ಚಿಕ್ಕಪ್ಪ ಒರೆಸಿದ ಒಣ ಕುರ್ಚಿಯಲ್ಲಿ, ಕೂತೆ.

ಇಬ್ಬರೂ ತಮ್ಮ ಕುರ್ಚಿಗಳಲ್ಲಿ ನೆಟ್ಟಗಾದರು.

"ಏಳಮ್ಮ," ಎಂದರು ರಾದೋಸಾವ್ ಮಾಮ, ಮೆಲ್ಲಗೆ, ಗುಡಿಯಲ್ಲಿ ಯಾರೋ ತಪ್ಪು ಜಾಗದಲ್ಲಿ ನಿಂತಂತೆ. "ಅದು ಕ್ಯಾಪ್ಟನ್ ಕುರ್ಚಿ."

"ಗೊತ್ತು. ನಾನೇ ಈಗ ಕ್ಯಾಪ್ಟನ್. ಏನು ಹೇಳ್ಬೇಕೋ ನನ್ನ ಮುಖ ನೋಡಿ ಹೇಳಿ."

ನಾನು ಅಂದದ್ದು ಚುಚ್ಚಲಿಕ್ಕೆ. ನಾಚಿಕೆಯಾಗಲಿ ಎಂದು. ಆದರೆ ನಮ್ಮ ಊರಿನಲ್ಲಿ ವ್ಯಂಗ್ಯ ಆಡುವವರು ಹುಷಾರಾಗಿರಬೇಕು, ಅದನ್ನು ನಿಜವೆಂದೇ ಎತ್ತಿಕೊಂಡು ಮನೆಗೆ ಒಯ್ಯುವವರಿದ್ದಾರೆ. ಬಿಸ್ಲಿಮ್ ಚಿಕ್ಕಪ್ಪ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಮೀಸೆ ತೀಡಿದರು.

"ಸರಿ ಹಾಗಾದ್ರೆ," ಎಂದರು. "ಅಜ್ಜೀನ ಯಾವಾಗ್ಲೂ ಕರ್ಕೊಂಡು ಹೋಗ್ತಿದ್ದಿದ್ದು ಕ್ಯಾಪ್ಟನ್. ಈ ಸಲಾನೂ ಕ್ಯಾಪ್ಟನ್ ಕರ್ಕೊಂಡು ಹೋಗ್ಲಿ."

"ನನ್ನ ಅಭ್ಯಂತರ ಏನಿಲ್ಲ," ಎಂದರು ರಾದೋಸಾವ್ ಮಾಮ.

ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ನನ್ನ ಕುತ್ತಿಗೆ. ಆಗಲೇ ಇಬ್ಬರೂ ಮೊಣಕಾಲಿಗೆ ಕೈಯೂರಿ ಏಳಲು ಹೊರಟಿದ್ದರು. ನನಗೆ ಮೈ ಉರಿಯಿತು.

"ಕೂತ್ಕೊಳ್ಳಿ," ಎಂದೆ. ಕೂತರು. "ಕ್ಯಾಪ್ಟನ್ ಹತ್ರ ಎರಡು ಗಾಡಿ ಇರ್ತಿದ್ವು. ಮುಂದೊಂದು, ಹಿಂದೊಂದು. ನನ್ನ ಹತ್ರ ಗಾಡಿ ಇಲ್ಲ. ನೀವಿಬ್ರು ಇದೀರಿ. ಚಿಕ್ಕಪ್ಪ ಮುಂದೆ, ಮಾಮ ಹಿಂದೆ. ಒಬ್ರ ಮುಖ ಒಬ್ರು ನೋಡ್ಬೇಕಾಗಿಲ್ಲ. ಮಾತಂತೂ ಬೇಡ್ವೇ ಬೇಡ."

"ನಾನಾ? ಅವರ ಸ್ಮಶಾನಕ್ಕಾ?"

"ನಾನಾ? ಆ ಬೀದೀಲಾ?"

"ಹೌದು. ಇಲ್ಲಾಂದ್ರೆ ಅಜ್ಜಿ ಒಬ್ಳೇ ಹೋಗ್ತಾಳೆ. ಏನಾದ್ರೂ ಆದ್ರೆ ಈ ಕುರ್ಚಿ ಹತ್ರ ಹೇಳ್ಕೊಳ್ಳಿ, ನನ್ನ ಹತ್ರ ಅಲ್ಲ."

ಇಬ್ಬರೂ ಹೊಳೆಯನ್ನು ನೋಡಿದರು. ಒಪ್ಪಿದೆ ಎಂದು ಯಾರೂ ಹೇಳಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಮಂಜು ಹೊಳೆಯ ಮೇಲೆ ಮಾತ್ರ ಉಳಿದಿತ್ತು. ಸ್ತೋಯಾಂಕಜ್ಜಿ ಕಪ್ಪು ತಲೆವಸ್ತ್ರ ಕಟ್ಟಿಕೊಂಡು, ಬುಟ್ಟಿಯಲ್ಲಿ ಮೇಣದಬತ್ತಿ, ಸೀಸೆಯಲ್ಲಿ ಕೆಂಪು ವೈನು ಹಿಡಿದು ಸೇತುವೆಯ ಮೇಲೆ ನಿಂತಿದ್ದಳು. ಗೋಧಿಯ ಬಟ್ಟಲು ನನ್ನ ಕೈಗೆ ಬಂತು. ರಾದೋಸಾವ್ ಮಾಮ ಹಿಂದೆ, ಮಳೆ ಇಲ್ಲದಿದ್ದರೂ ಕೊಡೆ ಹಿಡಿದಿದ್ದರು. ಬಿಸ್ಲಿಮ್ ಚಿಕ್ಕಪ್ಪ ಇರಲಿಲ್ಲ.

"ಬರಲ್ಲ ಅವ್ನು," ಎಂದರು ರಾದೋಸಾವ್ ಮಾಮ. "ನಂಗೊತ್ತಿತ್ತು."

ಆಗ ಗುಡುಗುತ್ತ, ಕಪ್ಪು ಹೊಗೆ ಉಗುಳುತ್ತ ಒಂದು ಕೆಂಪು ಟ್ರ್ಯಾಕ್ಟರ್ ಇಳಿದು ಬಂತು. ಮೇಲೆ ಬಿಸ್ಲಿಮ್ ಚಿಕ್ಕಪ್ಪ, ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು.

"ಚಿಕ್ಕಪ್ಪ, ಇದ್ಯಾಕೆ?"

"ಮುಂದೆ ಗಾಡಿ ಇರ್ಬೇಕು ಅಂದ್ಯಲ್ಲ."

ಅಜ್ಜಿ ಮೂಗು ಮುಚ್ಚಿಕೊಂಡಳು. "ನನ್ನ ಗಂಡ ಈ ಹೊಗೆಗೇ ಎದ್ದು ಕೂರ್ತಾನೆ ಇವತ್ತು," ಎಂದಳು.

ಹೊರಟೆವು. ಮುಂದೆ ಟ್ರ್ಯಾಕ್ಟರ್, ಅಜ್ಜಿಯ ನಡಿಗೆಗೆ ತಕ್ಕಷ್ಟು ನಿಧಾನಕ್ಕೆ, ಒಮ್ಮೊಮ್ಮೆ ಜಿಗಿಯುತ್ತ. ಹಿಂದೆ ಅಜ್ಜಿ, ಪಕ್ಕದಲ್ಲಿ ನಾನು. ಕೊನೆಯಲ್ಲಿ ಕೊಡೆ. ಬೇಲಿಗಳ ಹಿಂದಿನಿಂದ ಹೆಂಗಸರು ನೋಡಿದರು. ಒಬ್ಬಳು ಹೊಸಿಲು ಗುಡಿಸುವುದನ್ನು ನಿಲ್ಲಿಸಿದಳು, ಇನ್ನೊಬ್ಬಳು ತಲೆ ಬಗ್ಗಿಸಿದಳು. ಅಜ್ಜಿಗೆ ನಮಸ್ಕಾರವೋ, ಸೌದೆ ಎತ್ತಲಿಕ್ಕೋ ತಿಳಿಯಲಿಲ್ಲ. ಅಜ್ಜಿ ತನ್ನ ಹಳೆಯ ಮನೆಯ ಕಲ್ಲುಗುಪ್ಪೆಯನ್ನು ನೋಡಲಿಲ್ಲ, ಮರವನ್ನು ನೋಡಿದಳು. ನಾನು ಮರ, ಮನೆ ಯಾವುದನ್ನೂ ನೋಡಲಿಲ್ಲ. ಎದುರಿನ ಅಂಗಡಿಯನ್ನು ನೋಡುತ್ತಿದ್ದೆ.

ಮೂವರೂ ಇದ್ದರು. ಇಬ್ಬರು ಕೂತಿದ್ದರು. ಮೂರನೆಯವನು ನೀರಿನ ಪೈಪು ಹಿಡಿದು ನಿಂತಿದ್ದ.

"ಬಿಸ್ಲಿಮ್ ಚಿಕ್ಕಪ್ಪಾ," ಎಂದು ಕೂಗಿದ ಪೈಪಿನವನು. "ನಿಮ್ಮ ತಮ್ಮನ ಗೋರಿಗೂ ಹೀಗೇ ಮೆರವಣಿಗೇಲಿ ಹೋಗ್ತೀರಾ?"

ಟ್ರ್ಯಾಕ್ಟರ್ ನಿಂತಿತು. ಚಿಕ್ಕಪ್ಪ ಎಂಜಿನ್ ಆರಿಸಿದರು. ಆ ನಿಶ್ಶಬ್ದ ನನಗೆ ಚೆನ್ನಾಗಿ ಗೊತ್ತು, ಅದರ ಬೆನ್ನಿಗೇ ಕಲ್ಲು ಬರುತ್ತದೆ. ಅವರು ಒಂದು ಕಾಲು ಕೆಳಗಿಟ್ಟರು, ಇನ್ನೊಂದು ಕಾಲು ಇಟ್ಟರು. ಕೈ ಮುಷ್ಟಿಯಾಗಿತ್ತು. ಪೈಪಿನವನ ಹಿಂದೆ ಇಬ್ಬರೂ ಎದ್ದು ನಿಂತರು. ನಾನು ಅಜ್ಜಿಯ ಮುಂದೆ ಬಂದೆ, ಗೋಧಿಯ ಬಟ್ಟಲನ್ನು ಎದೆಗೆ ಒತ್ತಿಕೊಂಡು. ಅದರಿಂದ ಏನು ತಡೆಯಬೇಕೆಂದಿದ್ದೆನೋ ತಿಳಿಯದು.

"ಬಿಸ್ಲಿಮ್."

ನನ್ನ ಹಿಂದಿನಿಂದ ಬಂತು ಆ ದನಿ. ಅಲ್ಬೇನಿಯನ್ ಭಾಷೆಯಲ್ಲಿ, ಬೀದಿಗೆಲ್ಲ ಕೇಳಿಸುವ ಹಾಗೆ.

"ಬಿಸ್ಲಿಮ್, ಏರಿನಲ್ಲಿ ಎಂಜಿನ್ ಆರಿಸ್ಬೇಡ ಅಂತ ನಿಂಗೆ ಎಷ್ಟು ಸಲ ಬಡ್ಕೊಂಡಿದೀನಿ ನಾನು?"

ಚಿಕ್ಕಪ್ಪ ತಿರುಗಿದರು. ಅವರ ಮುಖದಲ್ಲಿ ಸಿಟ್ಟು ಹಾಗೇ ಇತ್ತು, ಆದರೆ ಅದಕ್ಕೆ ಬೇರೆ ವಿಳಾಸ ಸಿಕ್ಕಿತ್ತು.

"ಏನಾಗತ್ತೆ ಆರಿಸಿದ್ರೆ?"

"ಮತ್ತೆ ಹತ್ತಿಸು ನೋಡೋಣ."

ಚಿಕ್ಕಪ್ಪ ಹತ್ತಿ ಕೂತು ಕೀಲಿ ತಿರುಗಿಸಿದರು. ಟ್ರ್ಯಾಕ್ಟರ್ ಒಮ್ಮೆ ಕೆಮ್ಮಿತು. ಮತ್ತೆ ತಿರುಗಿಸಿದರು. ಅದು ಕೆಮ್ಮಲೂ ಇಲ್ಲ.

"ಬ್ಯಾಟರಿ," ಎಂದರು ಚಿಕ್ಕಪ್ಪ.

"ಬ್ಯಾಟರಿ ಅಲ್ಲ ಕಣಯ್ಯ, ಡೀಸೆಲ್ ಫಿಲ್ಟರ್. ಹೊಗೆ ನೋಡಿದ್ರೆ ಗೊತ್ತಾಗಲ್ವಾ? ಕಾರ್ಖಾನೇಲೂ ನಿಂದು ಇದೇ ಕತೆ. ಕಸ ತುಂಬ್ಕೊಳೋವರೆಗೂ ಓಡಿಸೋದು, ಆಮೇಲೆ ಬ್ಯಾಟರಿ ಅನ್ನೋದು."

"ನೀನು ಹಾಕಿದ ಫಿಲ್ಟರ್ ಒಂದಾದ್ರೂ ತಿಂಗಳು ಬಾಳಿದ್ಯಾ?"

ರಾದೋಸಾವ್ ಮಾಮ ಕೊಡೆಯನ್ನು ಬೇಲಿಗೆ ನೇತುಹಾಕಿ ಎಂಜಿನ್ನಿನ ಮುಚ್ಚಳ ಎತ್ತಿದರು. ಚಿಕ್ಕಪ್ಪ ಇಸ್ತ್ರಿ ಅಂಗಿಯ ತೋಳು ಮಡಚಿದರು. ರಸ್ತೆಯ ಮಧ್ಯೆ ಕೆಟ್ಟು ನಿಂತ ಎಂಜಿನ್ ನಮ್ಮ ಗಂಡಸರಿಗೆ ಎಂಥದೆಂದು ಹೊರಗಿನವರಿಗೆ ತಿಳಿಯದು. ಅಂಗಡಿಯಲ್ಲಿ ಎದ್ದು ನಿಂತಿದ್ದ ಇಬ್ಬರು ಸ್ವಲ್ಪ ಹೊತ್ತು ಹಾಗೇ ನೋಡಿದರು. ಆಮೇಲೆ ಒಬ್ಬ ರಸ್ತೆ ದಾಟಿ ಬಂದ. "ಫಿಲ್ಟರ್ ಅಲ್ಲ, ಪಂಪು," ಎಂದ. ಇನ್ನೊಬ್ಬ ಸ್ಪ್ಯಾನರ್ ಹಿಡಿದೇ ಬಂದ. ಪಕ್ಕದ ಮನೆಯ ಮುದುಕನೊಬ್ಬ ಸಿಗರೇಟು ಹಚ್ಚಿಕೊಂಡು ಬೇಲಿಗೆ ಒರಗಿ, ಎಲ್ಲರೂ ತಪ್ಪು ಎಂದ. ನಾಲ್ಕು ತಲೆಗಳು ಎಂಜಿನ್ನಿನೊಳಗೆ ಮುಳುಗಿದವು. ನಮ್ಮ ಬೆಂಗಾವಲು ಅಲ್ಲಿಗೆ ಮುಗಿಯಿತು.

ಅಜ್ಜಿ ಕೋಲಿನಿಂದ ನನ್ನ ಕಾಲು ತಟ್ಟಿದಳು. "ಬಾ ಮಗಳೇ. ಇವ್ರಿಗೆ ಎಂಜಿನ್ ಸಿಕ್ತು. ಇನ್ನು ಸಂಜೆವರೆಗೂ ತಲೆ ಎತ್ತಲ್ಲ."

ನಾವಿಬ್ಬರೇ ಹೋದೆವು. ಮುಂದೆ ಯಾರಿಲ್ಲ, ಹಿಂದೆ ಯಾರಿಲ್ಲ. ಪೈಪಿನವನು ಮಾತ್ರ ಬಂದಿರಲಿಲ್ಲ, ಎಂಜಿನ್ನಿನ ಕಡೆ ನೋಡುತ್ತಲೂ ಇರಲಿಲ್ಲ. ಅವನು ನೋಡುತ್ತಿದ್ದುದು ನಮ್ಮನ್ನು. ಸ್ಮಶಾನದ ತಿರುವು ಬರುವವರೆಗೆ ನನ್ನ ಬೆನ್ನು ಆ ನೋಟವನ್ನು ಹೊತ್ತುಕೊಂಡು ನಡೆಯಿತು.

ಸ್ಮಶಾನದ ಗೇಟು ಎಂದೋ ಹೋಗಿದೆ. ಒಳಗೆ ಕಾಲಿಟ್ಟವಳು ನಿಂತುಬಿಟ್ಟೆ. ಮೊಣಕಾಲುದ್ದ ಇದ್ದ ಒಣಹುಲ್ಲನ್ನು ಯಾರೋ ಕೊಯ್ದಿದ್ದರು. ಗೋರಿಗಳ ಸುತ್ತ ಕುಡುಗೋಲು ಹುಷಾರಾಗಿ ಸುತ್ತಿ ಬಂದಿತ್ತು. ಒಡೆದ ಶಿಲುಬೆಗಳನ್ನು ಆಯಾ ಗೋರಿಗೆ ಒರಗಿಸಿ ಇಟ್ಟಿದ್ದರು. ಅಜ್ಜಿ ನೇರ ಗಂಡನ ಗೋರಿಗೆ ಹೋದಳು. ಮಿಲುತಿನನ ಒಡೆದ ಗೋರಿಕಲ್ಲಿನ ಉಳಿದ ಅರ್ಧವನ್ನು ತಲೆವಸ್ತ್ರದ ತುದಿಯಿಂದ ಒರೆಸಿದಳು, ವೈನು ಸುರಿದಳು, ಮೇಣದಬತ್ತಿ ಹಚ್ಚಿ ಗಾಳಿಗೆ ಅಂಗೈ ಅಡ್ಡ ಹಿಡಿದಳು. ನಾನು ದೂರ ಸರಿದು ರಸ್ತೆಯ ಕಡೆ ಮುಖ ಮಾಡಿ ನಿಂತೆ. ಹಿಂದಿನಿಂದ ಅವಳ ಮಾತು ಕೇಳುತ್ತಿತ್ತು. ಸೌದೆಯ ಬೆಲೆ, ಮಂಡಿನೋವು, ಸೈನಿಕರು ಹೋದದ್ದು, ಎಲ್ಲವನ್ನೂ ಒಪ್ಪಿಸುತ್ತಿದ್ದಳು.

ಮೇಣದಬತ್ತಿ ಅರ್ಧ ಆಗುವಷ್ಟರಲ್ಲಿ ಇಬ್ಬರು ಗಂಡಸರೂ ಬಂದರು, ನಡೆದುಕೊಂಡು, ಕೈಯೆಲ್ಲ ಎಣ್ಣೆ, ಕೊಡೆ ಮರೆತು.

ರಾದೋಸಾವ್ ಮಾಮ ಸುತ್ತ ನೋಡಿದರು. "ಹುಲ್ಲು ಯಾರು ಕೊಯ್ದಿದ್ದು?"

"ನಾನು," ಎಂದರು ಚಿಕ್ಕಪ್ಪ. "ಕೊಯ್ಯದೆ ಅಜ್ಜಿ ಹೇಗೆ ನಡೀತಾಳೆ?"

"ಕೊಯ್ದ ಹುಲ್ಲೆಲ್ಲಿ?"

"ಹಸು ತಿಂತು. ಮತ್ತೇನು, ನಾನು ತಿನ್ಲಾ?"

"ಹದಿನೆಂಟು ವರ್ಷ. ಹದಿನೆಂಟು ವರ್ಷ ಬುಧವಾರ ಬುಧವಾರ ಹೇಳಿದೀನಿ, ಅವನ ಹಸು ನಮ್ಮ ಸತ್ತವರ ಮೇಲೆ ಮೇಯ್ತಾವೆ ಅಂತ. ಈಗ ಅವನೇ ಬಂದು ಕೊಯ್ದು ಹೊತ್ಕೊಂಡು ಹೋಗಿ ತಿನ್ನಿಸಿದಾನೆ."

"ಬಿಟ್ರೆ ಮೇಯ್ತಾವೆ ಅಂತೀಯ, ಕೊಯ್ದ್ರೆ ಕದ್ದೆ ಅಂತೀಯ. ಏನ್ ಮಾಡ್ಲಿ ನಾನು, ಹುಲ್ಲಿಗೆ ಬಾಚಣಿಗೆ ಹಾಕ್ಲಾ?"

"ಕೇಳಬಹುದಿತ್ತು!"

"ಯಾರನ್ನ? ನೀನು ನನ್ಹತ್ರ ಮಾತಾಡ್ತಿದ್ಯಾ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. "ಲುಮ್ನಿಯೆ, ಕ್ಯಾಪ್ಟನ್‌ಗೆ..." ಎಂದು ಒಬ್ಬರು ಶುರು ಮಾಡಿ ಅಲ್ಲೇ ನಿಲ್ಲಿಸಿದರು. ನಾನು ಕೈಕಟ್ಟಿ ನಿಂತಿದ್ದೆ.

ಅಷ್ಟರಲ್ಲಿ ಅಜ್ಜಿ ಬಟ್ಟಲು ಹಿಡಿದು ಬಂದಳು. ಸತ್ತವರ ಗೋಧಿಯನ್ನು ಸ್ಮಶಾನಕ್ಕೆ ಬಂದವರೆಲ್ಲ ಒಂದೊಂದು ಚಮಚ ತಿನ್ನಲೇಬೇಕು, ಬೇಡ ಎನ್ನುವ ಹಾಗಿಲ್ಲ. "ಬಾಯಿ ತೆರೀರಿ ಇಬ್ರೂ," ಎಂದಳು. "ಬಾಯಲ್ಲಿ ಇದಿರೋವಾಗ ಮಾತಾಡಬಾರದು." ರಾದೋಸಾವ್ ಮಾಮ ತಿಂದರು. ಬಿಸ್ಲಿಮ್ ಚಿಕ್ಕಪ್ಪ ಟೋಪಿ ಸರಿಮಾಡಿಕೊಂಡು, ಎಣ್ಣೆಗೈ ಹಿಂದೆ ಕಟ್ಟಿಕೊಂಡು, ಮಗುವಿನ ಹಾಗೆ ಬಾಯಿ ತೆರೆದರು. ಬಹಳ ಹೊತ್ತು ಅಗಿದರು.

"ನಮ್ಮನೇಲಿ ಇದಕ್ಕೆ ಒಣದ್ರಾಕ್ಷಿ ಹಾಕ್ತಾರೆ," ಎಂದರು.

"ನಿನ್ನ ಯಾರಾದ್ರೂ ಕೇಳಿದ್ರಾ?" ಎಂದರು ರಾದೋಸಾವ್ ಮಾಮ.

ವಾಪಸು ಬರುವಾಗ ಟ್ರ್ಯಾಕ್ಟರ್ ಅದೇ ಜಾಗದಲ್ಲಿತ್ತು, ಭಾಗಗಳೆಲ್ಲ ಹಳೆಯ ಪತ್ರಿಕೆಯ ಮೇಲೆ ಹರಡಿದ್ದವು. ಮುದುಕ ಇನ್ನೂ ಎಲ್ಲರೂ ತಪ್ಪು ಎನ್ನುತ್ತಿದ್ದ. ಪೈಪಿನವನು ಅಂಗಡಿಯ ಮುಂದಿನ ನೆಲ ತೊಳೆಯುತ್ತಿದ್ದ. ನೀರು ರಸ್ತೆಯ ಅಡ್ಡಕ್ಕೆ ಹರಿದಿತ್ತು. ನಾವು ದಾಟುವಾಗ ಅವನು ಅದನ್ನು ನಿಲ್ಲಿಸಲಿಲ್ಲ. ನಮ್ಮ ಕಡೆ ತಿರುಗಿಸಲೂ ಇಲ್ಲ. ಅಜ್ಜಿಯ ಬೂಟು ಒದ್ದೆಯಾಯಿತು. ನಾನು ಉಸಿರು ಬಿಟ್ಟೆ. ಆ ಅಧಿಕಾರಿ ಸ್ಥಿರತೆ ಎಂದದ್ದು ಇದನ್ನೇ ಆಗಿದ್ದರೆ, ಇಷ್ಟೇ ಎಂದು ಸರಿಯಾಗಿ ಹೇಳಿ ಹೋಗಬೇಕಿತ್ತು.

ಸೇತುವೆಯ ಮೇಲೆ ಅಜ್ಜಿ ನಿಂತು ತಿರುಗಿದಳು. "ಇನ್ನು ಮುಂದಿನ ಸತ್ತವರ ದಿನಕ್ಕೆ, ಫೆಬ್ರವರೀಲಿ ಬರೋದು. ಟ್ರ್ಯಾಕ್ಟರ್ ಬೇಡ."

"ನಾನೇ ಮುಂದೆ ನಡೀತೀನಿ," ಎಂದರು ರಾದೋಸಾವ್ ಮಾಮ.

"ನಮ್ಮ ಬೀದೀಲಿ ನೀನ್ಯಾಕೆ ಮುಂದೆ?" ಎಂದರು ಬಿಸ್ಲಿಮ್ ಚಿಕ್ಕಪ್ಪ.

ನಾನು ಖಾಲಿ ಬಟ್ಟಲನ್ನು ಅಜ್ಜಿಯ ಬುಟ್ಟಿಯಲ್ಲಿಟ್ಟು ಮನೆಗೆ ಬಂದೆ.

ಮುಂದಿನ ಬುಧವಾರ ನಾನು ಹೋಗಲಿಲ್ಲ. ಹಿಂದಿನ ದಿನವೇ ಕ್ಯಾಪ್ಟನ್ನರ ಕುರ್ಚಿಯನ್ನು ಹೊತ್ತು ತಂದು ಅಡುಗೆಮನೆಯ ಕಿಟಕಿಯ ಬಳಿ ಹಾಕಿಕೊಂಡಿದ್ದೆ. ಅದರ ಮೇಲೆ ಕೂತು ನೋಡಿದೆ. ಇಬ್ಬರೂ ಬಂದರು. ನಡುವಿನ ಖಾಲಿ ಜಾಗವನ್ನು ನೋಡಿದರು. ನನ್ನ ಕಿಟಕಿಯ ಕಡೆ ನೋಡಿದರು. ಆಮೇಲೆ ಕೂತರು, ಯಾವ ಕಡೆ ಮುಖ ಮಾಡಬೇಕೆಂದು ತಿಳಿಯದೆ ಹೊಳೆಗೆ ಮುಖ ಮಾಡಿ. ಸ್ವಲ್ಪ ಹೊತ್ತಿಗೆ ದನಿಗಳು ಏರಿದವು. ಫಿಲ್ಟರ್, ಪಂಪು, ಹುಲ್ಲು, ಕಳೆದುಹೋದ ಕೊಡೆ, ಫೆಬ್ರವರಿಯಲ್ಲಿ ಯಾರು ಮುಂದೆ. ಮೇಲೆ ಕಾರು ತೊಳೆಯುವ ಅಂಗಡಿಯಲ್ಲಿ ಪೈಪಿನವನು ಕೂತು ಅದನ್ನೇ ಕೇಳುತ್ತಿದ್ದ. ಅವನ ಮುಖ ಹೊಳೆಯ ಕಡೆಗಿತ್ತು, ನನಗೆ ಕಾಣಲಿಲ್ಲ.

"ಲುಮ್ನಿಯೆ," ಎಂದು ಕೆಳಗಿನಿಂದ ಕೂಗಿದರು ಬಿಸ್ಲಿಮ್ ಚಿಕ್ಕಪ್ಪ. "ಇಲ್ಲಿ ಬಾರಮ್ಮ, ಇವನಿಗೆ ಸ್ವಲ್ಪ ಹೇಳು."

ನಾನು ಕಿಟಕಿ ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒಂದು ಬೆರಳಷ್ಟು ತೆರೆದೆ. ಪೂರ್ತಿ ಮುಚ್ಚಿಬಿಟ್ಟರೆ ಅವರು ಜಗಳ ನಿಲ್ಲಿಸಿದ್ದು ನನಗೆ ಗೊತ್ತಾಗುವುದಿಲ್ಲ.